ಮಂಕರಿಯಲ್ಲಿ ಬೆಳೆದ ಮಗ

ಎರಡನೇ ಮಹಾಯುದ್ಧ ಮುಗಿದ ಮೇಲಿನ ಮೊದಲ ಅವರೆ ಸುಗ್ಗಿ. ಬಿನ್ನಮಂಗಲದ ಹೊಲಗಳ ತುಂಬ ಸೊಗಡಿನ ವಾಸನೆ. ಬಿಸಿಲೇರುವ ಮುಂಚೆ ಕಾಯಿ ಬಿಡಿಸಿ ರಸೆಲ್ ಮಾರುಕಟ್ಟೆಗೆ ಮುಟ್ಟಿಸಬೇಕು. ಚಿನ್ನಪ್ಪ ಮತ್ತು ಅವನ ಹೆಂಡತಿ ದೊಡ್ಡಮುನಿಯಮ್ಮ ಇಬ್ಬನಿಗೆ ಮರಗಟ್ಟಿದ ಕೈಗಳಲ್ಲೇ ಬಿಡಿಸಿ ತಂದು ಅಂಗಳದಲ್ಲಿ ಸುರಿದರು. ಪಕ್ಕದ ಮನೆಯ ಮುನಿಆಂಜನಪ್ಪ ಬಂದು ನಿಂತ.

“ಅಕ್ಕಾ, ನಿಮ್ಮ ಕಾವಡೀದು ಹಳೇ ಮಂಕರಿ ಕೊಡ್ತೀರಾ? ನಮ್ಮ ಅಂಜೀನ ಅದ್ರಲ್ಲಿ ಕೂರಿಸ್ಕೊಂಡು ಮಾರ್ಕೆಟ್ಟಿಗೆ ಹೋಗ್ತೀನಿ. ಮನೇಲಿ ಹೆಂಡ್ತಿ ಬಾಣಂತಿ, ನೋಡೋರಿಲ್ಲ.”

ಅವನ ಮಗಳು ಅಂಜಿಗೆ ಎರಡು ವರ್ಷ. ಹುಟ್ಟಿದಾಗ ಅಳಲಿಲ್ಲ. ಇನ್ನೂ ಕೂರುವುದಿಲ್ಲ. ಎತ್ತಿದರೆ ಕಾಲುಗಳು ಕತ್ತರಿಯ ಹಾಗೆ ಹೆಣೆದುಕೊಳ್ಳುತ್ತವೆ.

“ಮಂಕರೀಲಿ ಕೋಳಿ ಕಾವಿಗೆ ಕೂತದೆ ಕಣಪ್ಪಾ. ಕೋಳಿ ಇಲ್ದಿದ್ರೂ ಕೊಡಲ್ಲ,” ಎಂದಳು ದೊಡ್ಡಮುನಿಯಮ್ಮ.

“ವೆಂಕಟಸ್ವಾಮೀನ ಅದ್ರಲ್ಲೇ ಸಾಕಿದ್ರಲ್ಲಕ್ಕಾ?”

“ಅದಕ್ಕೇ ಕೊಡಲ್ಲ. ಬಾ, ಒಳಗೆ ಬಂದು ನೋಡು.”

ಒಳಗೆ ಚಾಪೆಯ ಮೇಲೆ ಅವರ ಮಗ ವೆಂಕಟಸ್ವಾಮಿ ಮಗ್ಗುಲಾಗಿ ಮಲಗಿದ್ದ. ಇಪ್ಪತ್ತು ವರ್ಷದ ಯುವಕ. ಮೀಸೆ ಬಂದಿದೆ. ಮೊಣಕಾಲುಗಳು ಎದೆಗೆ ಅಂಟಿವೆ, ಬೆನ್ನು ಗುಂಡಗೆ ಬಾಗಿದೆ. ಈಗಷ್ಟೇ ಮಂಕರಿಯಿಂದ ತೆಗೆದು ಇಟ್ಟ ಹಾಗಿದ್ದ.

“ಕಾವಡೀಲಿ ಒಂದು ಕಡೆ ಸೊಪ್ಪಿನ ಮಂಕರಿ, ಇನ್ನೊಂದು ಕಡೆ ಮಂಕರೀಲಿ ಇವನು. ತೂಕ ಸರಿಯಾಗ್ತಿತ್ತು,” ಎಂದ ಚಿನ್ನಪ್ಪ. “ಹಲಸೂರು ಕೆರೆ ದಾಟೋವರೆಗೂ ಅಳ್ತಿದ್ದ. ಹಸಿವು ಅಂದ್ಕೊಂಡು ಬೆಲ್ಲ ಕೊಡ್ತಿದ್ದೆ. ಮಾರ್ಕೆಟ್ಟಲ್ಲಿ ತರಕಾರಿ ಕೊಳ್ಳೋ ಗಯಾಜ್ ಸಾಬ್ರು ‘ಏನ್ ಚಿನ್ನಪ್ಪಾ, ಮಗನ್ನ ಸೇರಿಗೆಷ್ಟು?’ ಅಂತ ನಗಿಸೋರು. ಏಳು ವರ್ಷ ಹೊತ್ತೆ. ಮಂಕರಿ ಸಾಲದಾಯ್ತು. ಇಳಿಸಿದ್ರೆ ಕಾಲೇ ಬಿಡಿಸಕ್ಕಾಗ್ಲಿಲ್ಲ.”

“ಮೊನ್ನೆ ಇವನಿಗೆ ನೀರು ಹಾಕೋಕೆ ಎತ್ತೋವಾಗ ನಾವಿಬ್ರೂ ಬಿದ್ವಿ,” ಎಂದಳು ದೊಡ್ಡಮುನಿಯಮ್ಮ. “ನಾವು ಹೋದ್ಮೇಲೆ ಇವನ್ನ ಎತ್ತೋರ್ಯಾರು?”

ಅಷ್ಟರಲ್ಲಿ ಸಿಡುಬು ಬಾರದಂತೆ ಊರಿನ ಮಕ್ಕಳಿಗೆ ದೇವಿ ಹಾಕಲು ಬಂದಿದ್ದ ನರ್ಸಮ್ಮ ಖುರ್ಷೀದ್ ಬಾಗಿಲಿಗೆ ಬಂದರು. ವಿಷಯ ಕೇಳಿ ಅಂಜಿಯನ್ನು ತರಿಸಿಕೊಂಡರು.

“ಬಿಡಿ ನರ್ಸಮ್ಮ,” ಎಂದ ಮುನಿಆಂಜನಪ್ಪ. “ಅಮಾವಾಸ್ಯೇಲಿ ಹುಟ್ಟಿದ್ದು. ಕಾಲೇ ಬರಲ್ಲ ಅಂದ್ಮೇಲೆ ಹೆಂಗೆ ಹೊತ್ರೇನು?”

“ಅರೆ, ಅಮಾವಾಸ್ಯೆ ಏನ್ ಮಾಡ್ತದೆ? ಹುಟ್ಟೋವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಗಿರ್ಬೇಕು. ನಡೀತಾಳೆ ಅಂತ ನಾನು ಆಣೆ ಇಡಲ್ಲ ಅಣ್ಣಾ. ಕೂರೋದು ಕಲೀಬೌದು. ಮಡಿಸಿ ಇಟ್ರೆ ಅದೂ ಹೋಗ್ತದೆ.” ಖುರ್ಷೀದ್ ಮಗುವಿನ ಕಾಲುಗಳನ್ನು ಮೆಲ್ಲಗೆ ಅಗಲಿಸಿ ಸೊಂಟಕ್ಕೆ ಕೂರಿಸಿಕೊಂಡರು. “ಹಿಂಗೆ ಎತ್ಕೊಳ್ಳಿ. ಗೋಡೆ ಮೂಲೆಗೆ ಒರಗಿಸಿ ಕೂರಿಸಿ. ಮಲಗಿಸಿ ಗಂಜಿ ಹುಯ್ಬೇಡಿ, ಕೂರಿಸಿ ಚೂರುಚೂರೇ ಉಣ್ಣಿಸಿ.”

ಮುನಿಆಂಜನಪ್ಪ ಒಪ್ಪಲಿಲ್ಲ. “ಒಂದು ಮಂಕರಿಗೆ ಇಷ್ಟು ಮಾತಾ?”

ಆಗ ಚಾಪೆಯಿಂದ ವೆಂಕಟಸ್ವಾಮಿಯ ಸ್ವರ ಬಂತು. ಅವನ ಒಂದೊಂದು ಮಾತಿಗೂ ಬಹಳ ಹೊತ್ತು ಹಿಡಿಯುತ್ತದೆ.

“ನೋಯ್ತಿತ್ತು... ಅದ್ರಲ್ಲಿ.”

ಚಿನ್ನಪ್ಪ ಮಗನ ಬಳಿ ಕುಕ್ಕರಿಸಿದ. “ಯಾವತ್ತೂ ಹೇಳ್ಲಿಲ್ವಲ್ಲೋ!”

“ಹೇಳ್ದೆ... ಅತ್ತು ಹೇಳ್ದೆ.”

ಮುನಿಆಂಜನಪ್ಪ ಮಗಳನ್ನು ಖುರ್ಷೀದರಿಂದ ಎತ್ತಿಕೊಂಡು, ಅವರು ತೋರಿಸಿದಂತೆಯೇ ಸೊಂಟಕ್ಕೆ ಕೂರಿಸಿಕೊಂಡ.

“ನಿನ್ನ ಕಾಯಿ ನನ್ನ ಕಾವಡೀಗೆ ಹಾಕು,” ಎಂದ ಚಿನ್ನಪ್ಪ. “ಒಂದು ಕಡೆ ನಂದು, ಒಂದು ಕಡೆ ನಿಂದು. ನೀನು ಮಗೂನ ಎತ್ಕೊಂಡು ಜೊತೇಲಿ ಬಾ.”

“ನಿಮ್ಮ ಹೆಗಲು ನೋಯ್ತದಲ್ಲಣ್ಣಾ. ಈ ಋಣ ಹೆಂಗೆ ತೀರಿಸ್ಲಿ?”

“ಋಣ ನಿಂದಲ್ಲ ಬಿಡು. ನಂದು, ಈ ನನ್ನ ಮಗನ ಹತ್ರ ಇರೋದು. ಅದು ತೀರಲ್ಲ.”

ತಾಯಂದಿರೇ, ತಂದೆಯರೇ, ನಿಮ್ಮ ಮಗು ವರ್ಷ ತುಂಬಿದರೂ ಕೂರದಿದ್ದರೆ, ಕಾಲು ಬಿಗಿಯುತ್ತಿದ್ದರೆ, ಯಾವ ದಿನ ಹುಟ್ಟಿತೆಂದು ಲೆಕ್ಕ ಹಾಕುತ್ತ ಕೂರಬೇಡಿ. ಈ ವಾರವೇ ಆಸ್ಪತ್ರೆಗೆ ತೋರಿಸಿ. ಮಾತು ಬಾರದ ಮಗು ಅಳುವುದರಲ್ಲೇ ಹೇಳುತ್ತದೆ. ಕಾವಡಿಯನ್ನು ಕೆಳಗಿಳಿಸಿ ಕೇಳಿ. ಚಿನ್ನಪ್ಪನಿಗೆ ಅದು ಕೇಳಿಸಲು ಇಪ್ಪತ್ತು ವರ್ಷ ಹಿಡಿಯಿತು.