ಉಬ್ಬಿದ ಹೊಟ್ಟೆ

ಈ ಮಾನಿಟರ್ ಸರಿಮಾಡಿದರೆ ರಿಪೇರಿ ಮೇಜಿನ ಕುರ್ಚಿ ನಿನಗೆ, ಇಲ್ಲದಿದ್ದರೆ ಅಂಗಡಿಯ ಧೂಳು ಒರೆಸುವುದೇ ಗತಿ ಎಂದಿದ್ದ ಭಾವ. ಪರದೆ ಕ್ಷಣಹೊತ್ತು ಬೆಳಗಿ ಆರಿಹೋಗುತ್ತಿತ್ತು. ಅವಳು ಪ್ಲಗ್ ಕಿತ್ತು, ಹಿಂಬದಿ ಬಿಚ್ಚಿ, ಪವರ್ ಬೋರ್ಡನ್ನು ದಿಟ್ಟಿಸಿದಳು. ಪುಟ್ಟ ಡಬ್ಬಿಯಂಥ ಕೆಪಾಸಿಟರೊಂದು ಉಬ್ಬಿಕೊಂಡು ಕೂತಿತ್ತು.

"ಹೊಟ್ಟೆ ಉಬ್ಬಿದೆ, ಬದಲಾಯಿಸ್ಬೇಕು," ಎಂದಳು ತಲೆಯೆತ್ತದೆ.

ಆ ಕುರ್ಚಿಯಲ್ಲಿದ್ದ ಭಾವ ತಟ್ಟನೆ ತನ್ನ ಹೊಟ್ಟೆ ಒಳಗೆಳೆದುಕೊಂಡ.

"ನಿಮ್ದಲ್ಲ ರೀ, ಕೆಪಾಸಿಟರ್‌ದು!" ಪಕ್ಕದಲ್ಲಿ ನಿಂತಿದ್ದ ಅಕ್ಕ ನಕ್ಕಳು. "ನಿಮ್ದು ಬದಲಾಯಿಸೋ ಹಾಗಿದ್ರೆ ನಾನು ಯಾವತ್ತೋ ಮಾಡಿಸ್ತಿದ್ದೆ."

ತಂಗಿಯ ಮುಖ ಕೆಂಪೇರಿತು. ಹಳೆಯದನ್ನು ಬಿಡಿಸಿ ಅದೇ ಅಳತೆಯ ಹೊಸದನ್ನು ಬೆಸೆದಳು. ಪರದೆ ಬೆಳಗಿತು, ಎಲ್ಲರೂ ಚಹಾ ಕುಡಿದು ಮುಗಿಸಿದರೂ ಆರಲಿಲ್ಲ.

ಭಾವ ಕುರ್ಚಿ ಬಿಟ್ಟೆದ್ದ. "ಕೂತ್ಕೊಳ್ಳಮ್ಮ. ಹೇಗೂ ಈ ಮೇಜಿಗೆ ನನ್ನ ಹೊಟ್ಟೆ ಅಡ್ಡ ಬರ್ತಿತ್ತು."