ಮಷೀನು ಇಟ್ಟ ಹೆಸರು

ಬೈಲಹೊಂಗಲದ ಆ ಲ್ಯಾಬಿಗೆ ರೋಗಾಣುಗಳ ಹೆಸರು ಹೇಳುವ ಮಷೀನು ಬಂದಾಗಿನಿಂದ ಅಲ್ಲಿನ ಟೆಕ್ನಿಶಿಯನ್ ಸ್ನೇಹಲ್ ಹಾಯಾಗಿದ್ದಳು. ರಕ್ತದಿಂದ ಬೆಳೆಸಿದ ರೋಗಾಣುವನ್ನು ಒಳಗಿಟ್ಟರೆ ಸಾಕು, ಬೆಳಿಗ್ಗೆ ಹೆಸರು ಸಿದ್ಧ. ತಪ್ಪಾದರೂ ಬೈಸಿಕೊಳ್ಳಲು ಮಷೀನು ಇತ್ತು. ದೇಗಾಂವದ ಪೂನಮ್‌ಳ ರಕ್ತ ಬಂದು ಆ ನೆಮ್ಮದಿಗೆ ಕಲ್ಲು ಹಾಕಿತು.

ಪೂನಮ್ ಐದು ತಿಂಗಳ ಬಸುರಿ. ಸಂಜೆಯಾದರೆ ಜ್ವರ, ಬೆವರು, ಸೊಂಟನೋವು. ಮಷೀನು ಒಂದು ಹೆಸರು ಕೊಟ್ಟು ತೊಂಬತ್ತೊಂಬತ್ತು ಪರ್ಸೆಂಟ್ ಖಾತ್ರಿ ಎಂದಿತು. ಅದಕ್ಕೆ ಕೊಟ್ಟ ಔಷಧಿಗೆ ಜ್ವರ ಜಗ್ಗಲಿಲ್ಲ. ಮತ್ತೆ ರಕ್ತ ತೆಗೆದು ನೋಡಿದರೆ ಬೇರೆಯದೇ ಹೆಸರು, ಅದೂ ಅಷ್ಟೇ ಖಾತ್ರಿ! ಹೀಗೇ ಬಿಟ್ಟರೆ ಹೊಟ್ಟೆಯ ಕೂಸು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಸ್ನೇಹಲ್‌ಗೆ ತಲೆಬುಡ ತಿಳಿಯಲಿಲ್ಲ. ಮಷೀನು ಹೇಳಿದ ಎರಡೂ ರೋಗಾಣುಗಳು ಒಂದು ರಾತ್ರಿಯಲ್ಲಿ ಬೆಳೆಯುವಂಥವು. ಪೂನಮ್‌ಳ ರಕ್ತದ್ದೋ ಸಾಸಿವೆಗಿಂತ ಸಣ್ಣ ಚುಕ್ಕೆಯಾಗಲು ದಿನಗಟ್ಟಲೆ ಸತಾಯಿಸಿತ್ತು. ತನ್ನ ಕಣ್ಣನ್ನು ನಂಬಬೇಕೋ, ಮಷೀನನ್ನೋ? ಡಾಕ್ಟರಿಗೆ ಫೋನು ಮಾಡಿದಳು.

"ನನಗೂ ತಿಳೀವಲ್ದವಾ," ಎಂದರು ಡಾಕ್ಟರು. "ಆಡು-ಕುರಿ ಹಾಲಿನಿಂದ ಬರೂ ಜ್ವರ ಅಂತ ಸಂಶೆ ಐತಿ. ಮಷೀನಿಗೆ ಅದರ ಗುರ್ತ ಇಲ್ಲಂದ್ರ, ಹಂಗ ಕಾಣೂ ಮತ್ತೊಂದರ ಹೆಸರ ಹೇಳಿಬಿಡತೈತಿ. ಆದ್ರ ಹಸಿ ಹಾಲು ಕುಡಿಯೂದ ಇಲ್ಲ ಅಂದ್ಲು ಅವರತ್ತಿ. ನೀನರ ಒಮ್ಮೆ ಕೇಳು."

ಅತ್ತೆ ಶೆಟ್ಟೆವ್ವ ರಿಪೋರ್ಟಿಗಾಗಿ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು.

"ಆಯಿ, ಪೂನಮ್‌ಗ ಹಸಿ ಹಾಲು ಕೊಡತೀರೇನ್ರಿ?"

"ಶಿವ ಶಿವಾ! ಬಸರ ಹೆಂಗಸಿಗೆ ಹಸೀದು, ತಣ್ಣಂದು ಯಾರರ ಕೊಡತಾರೇನ್ರಿ ಬಾಯಾರ? ಬಿಸಿ ಹಾಲ ಕುಡಸತೇನಿ."

"ಕಾಸಿ?"

"ಕಾಸೂದ್ಯಾಕ್ರಿ? ಆಡಿನ ಕೆಚ್ಚಲದಿಂದ ಬಿಸಿಬಿಸೀನ ಬರತೈತೆಲ್ಲ! ನೊರಿ ಆರೂದ್ರಾಗ ಕುಡಸತೇನಿ. ಮೊದಲ ಒಂದ ಹೊತ್ತಿತ್ತು, ಜ್ವರಾ ಬಂದಾಗಿಂದ ಎರಡೂ ಹೊತ್ತು."

ಡಾಕ್ಟರು ಕೇಳಿದ್ದೂ ಸರಿ, ಮುದುಕಿ ಹೇಳಿದ್ದೂ ಸರಿ. 'ಹಸಿ' ಎಂಬ ಎರಡಕ್ಷರ ನಡುವೆ ಕೂತು ಇಬ್ಬರನ್ನೂ ಮಂಗ ಮಾಡಿತ್ತು. ಸ್ನೇಹಲ್ ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ ಹೇಳಿದಳು. ಬೆಳಗಾವಿಗೆ ರಕ್ತ ಕಳಿಸಿ ಖಾತ್ರಿ ಮಾಡಿಕೊಳ್ಳೋಣ, ಔಷಧಿ ಮಾತ್ರ ಇವತ್ತೇ ಬದಲಿಸುತ್ತೇನೆ, ಕೂಸು ಉಳಿದೀತು ಎಂದರು ಡಾಕ್ಟರು. ಉಳಿಯುತ್ತದೆ ಎನ್ನಲಿಲ್ಲ.

ಶೆಟ್ಟೆವ್ವ ಎಲ್ಲ ಕೇಳಿಸಿಕೊಂಡಿದ್ದಳು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ವಾಸನಿ ಬರತೈತಿ, ಒಲ್ಲೆ ಅಂತಿದ್ಲರಿ. ನಾನ ಬೈದು ಕುಡಸೀನಿ."

ಸ್ನೇಹಲ್ ಪಕ್ಕದಲ್ಲಿ ಕೂತು ಮುದುಕಿಯ ಕೈ ಹಿಡಿದಳು.

"ಹಾಲಿಂದ ಆತು ಅಂತ ಅಕಿಗೆ ಹೇಳಬ್ಯಾಡ್ರಿ ಬಾಯಾರ," ಎಂದಳು ಶೆಟ್ಟೆವ್ವ. ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿಬಿಟ್ಟಳು. "ಇಲ್ಲ, ಹೇಳ್ರಿ. ಗೊತ್ತಿಲ್ಲಂದ್ರ, ನಾ ಬೈದು ಏನ ಕೊಟ್ರೂ ಕುಡೀತಾಳ್ರಿ ಅಕಿ."