ಮಗುಚಿ ಕತ್ತರಿಸಿದ ರಬ್ಬರು

"ನಿನ್ನ ಗಂಡನಿಗೆ ಹೇಳು, ಆ ಹಳೇ ರಬ್ಬರನ್ನ ನನ್ನ ಮೆಟ್ಟಿಲ ಮೇಲೆ ಹಾಕೋದು ಬೇಡ ಅಂತ," ಎಂದರು ಅತ್ತೆ.

ಆ ಗಂಡ ಎಂಬ ಪ್ರಾಣಿ ಎರಡು ಮಾರು ದೂರದಲ್ಲೇ ಪಿಕಪ್ಪಿನೊಳಗೆ ತಲೆ ತೂರಿಸಿಕೊಂಡು ನಿಂತಿದ್ದ. ಕಿವುಡನೇನಲ್ಲ. ಹೋದ ವರ್ಷ ಇದೇ ಗಾಡಿಯ ತುಕ್ಕು ಹಿಡಿದ ನೆಲ ಕುಸಿದು ಅತ್ತೆಯ ಹೊಸ ಚಪ್ಪಲಿ ರಸ್ತೆಪಾಲಾಗಿತ್ತು. ಕಾಲು ಉಳಿದದ್ದು ಪುಣ್ಯ. ಅಂಥ ಹೊತ್ತಿನಲ್ಲಿ ಪ್ಲಂಬರ್ ಅಳಿಯ ಕಿಸಕ್ಕನೆ ನಕ್ಕುಬಿಟ್ಟ. ಚಪ್ಪಲಿ ಹೋದದ್ದನ್ನು ಮರೆಯಬಹುದು, ಆ ನಗುವನ್ನು ಮರೆಯುವುದುಂಟೇ? ಅಂದಿನಿಂದ ಅವನ ಜೊತೆ ಮಾತು ಬಂದ್. ಏನಿದ್ದರೂ ಮಗಳ ಮೂಲಕವೇ ರವಾನೆ.

ಮಗಳಿಗೆ ಈಗ ಎಂಟು ತಿಂಗಳು. ಹೆರಿಗೆ ಆಗುವವರೆಗೆ ಅಮ್ಮ ಬಂದು ಜೊತೆಗಿರಬೇಕು ಎಂದು ಅವಳ ಆಸೆ. ನೆಲ ಸರಿಯಾಗದೆ ಗಾಡಿಗೆ ಕಾಲಿಡುವುದಿಲ್ಲ ಎಂದು ಅಮ್ಮನ ಹಟ. "ಇವತ್ತು ಅಮ್ಮ ಬರ್ಲಿಲ್ಲ ಅಂದ್ರೆ ನಾನೂ ಇಲ್ಲೇ ಇದ್ದುಬಿಡ್ತೀನಿ. ನೀವು ನಿಮ್ಮ ಪೈಪುಗಳ ಜೊತೆ ಸಂಸಾರ ಮಾಡ್ಕೊಂಡಿರಿ," ಎಂದು ಹೆಂಡತಿ ಬೆಳಗ್ಗೆಯೇ ಹೇಳಿಯಾಗಿತ್ತು. ಪಾಪ, ಅವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ತೂತಿಗೆ ತಗಡು ಬೆಸೆಸಿ ತಂದಿದ್ದ. ಇನ್ನು ಅದರ ಮೇಲೆ ರಬ್ಬರು ಹಾಸುವುದಷ್ಟೇ. ಹೊಸ ರಬ್ಬರ್ ಹಾಳೆಯ ಮೇಲ್ಮೈಯಲ್ಲಿ ಗೆರೆಗೆರೆ ಉಬ್ಬು, ಸೀಮೆಸುಣ್ಣ ಹಿಡಿಯುತ್ತಿರಲಿಲ್ಲ. ಅದಕ್ಕೇನಂತೆ ಎಂದು ಹಾಳೆಯನ್ನು ಅಂಗಳದಲ್ಲಿ ಮಗುಚಿ ಹಾಸಿದ. ಅದರ ನುಣ್ಣನೆಯ ಬೆನ್ನಿನ ಮೇಲೆ, ಗಾಡಿಯಿಂದ ಕಿತ್ತಿದ್ದ ಹಳೇ ರಬ್ಬರನ್ನು ಇದ್ದಂತೆಯೇ ಇಟ್ಟು, ಸುತ್ತ ಗೆರೆ ಎಳೆದು, ಅತ್ತೆಗೆ ಕಾಣಲಿ ಎಂದು ಠೀವಿಯಿಂದ ಕತ್ತರಿಸಿದ.

ಎತ್ತಿ ಗಾಡಿಯೊಳಗೆ ಹಾಸಿದವನು ಹಾಗೇ ನಿಂತುಬಿಟ್ಟ. ಬ್ರೇಕು, ಕ್ಲಚ್ಚುಗಳಿಗೆಂದು ಕತ್ತರಿಸಿದ ಜಾಗ ಅತ್ತೆ ಕೂರುವ ಕಡೆ ಬಂದಿತ್ತು. ತನ್ನ ಕಡೆ ರಬ್ಬರು ಪೆಡಲುಗಳನ್ನೇ ಮುಚ್ಚಿ ಮಲಗಿತ್ತು. ಗೇರಿನ ತೂತು ನಟ್ಟನಡುವೆ ಇದ್ದುದರಿಂದ ಅದೊಂದು ಬಚಾವ್.

"ಏನ್ರೀ ಆಯ್ತು?" ಎಂದಳು ಹೆಂಡತಿ.

"ಏನಿಲ್ಲ. ರಬ್ಬರು ಸ್ವಲ್ಪ... ಕೂತ್ಕೋಬೇಕು ಅಷ್ಟೆ."

ಮೆಟ್ಟಿಲಿನಿಂದ ಅತ್ತೆ ಎದ್ದು ಬಂದರು. ಇಡೀ ಬೀದಿಗೆ ರವಿಕೆ ಹೊಲಿದ ಕೈ ಅವರದು. ಒಂದು ನೋಟ ಸಾಕಾಯಿತು.

"ಅಯ್ಯೋ ದಡ್ಡಾ! ಒಳಮೈ ಮೇಲೆ ಗುರುತು ಹಾಕೋವಾಗ ಅಚ್ಚನ್ನೂ ಮಗುಚಬೇಕು ಅಂತ ಗೊತ್ತಾಗ್ಲಿಲ್ವೇನೋ? ಹೀಗೆ ಕತ್ತರಿಸಿದ್ರೆ ಎರಡು ತೋಳೂ ಎಡಗೈಗೇ ಆಗುತ್ತೆ!"

ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. "ಅಮ್ಮಾ, ಇದನ್ನ ಅವರಿಗೆ ಹೇಳ್ಲಾ?"

"ನೀನು ಸುಮ್ನಿರೇ! ಅಲ್ಲಯ್ಯಾ, ಈ ಕಡೆಯಿಂದ ಕತ್ತರಿಸಿದ ತುಂಡೆಲ್ಲಿ? ಎಸೆದ್ಯಾ?"

"ಇಲ್ಲ ಅತ್ತೆ, ಇಲ್ಲೇ ಇದೆ ಅತ್ತೆ," ಎಂದು ಅವನು ಓಡಿದ. ಮೈತುಂಬ ಬೈಗುಳ ಬಿದ್ದಿತ್ತು, ಎಷ್ಟು ಖುಷಿಯಾಗಿತ್ತೆಂದರೆ ಎಡವಿ ಬೀಳುವುದೊಂದು ಬಾಕಿ.

"ಅದನ್ನ ಇದ್ದ ಜಾಗಕ್ಕೇ ಕೂರಿಸು. ಅದರ ಕೆಳಗೆ ಹಳೇ ರಬ್ಬರಿನ ಪಟ್ಟಿ ಕೊಟ್ಟು ನಾನು ದಬ್ಬಳದಲ್ಲಿ ಹೊಲೀತೀನಿ. ನಿನ್ನ ಕಡೆ ಹೊಸದಾಗಿ ಕತ್ತರಿಸು. ಈ ಸಲ ಕಣ್ಣು ಬಿಟ್ಕೊಂಡು!" ಅವರು ಸೆರಗು ಸಿಕ್ಕಿಸಿ, ಒಳಗಿನಿಂದ ದಬ್ಬಳ ತಂದು, ಆ ದಪ್ಪ ಸೂಜಿಗೆ ದಾರ ಪೋಣಿಸುತ್ತ ಗಾಡಿಯೊಳಗೆ ಹತ್ತಿ ಮಂಡಿಯೂರಿದರು. ಹತ್ತಿದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಗಂಡ ಹೆಂಡಿರಿಬ್ಬರೂ ಉಸಿರು ಬಿಗಿಹಿಡಿದರು.

"ಎಲ್ಲಿಂದ ಶುರು ಮಾಡ್ಲಿ ಅತ್ತೆ?"

"ಅದನ್ನೂ ನಾನೇ ಹೇಳ್ಬೇಕಾ? ಮೂಲೆಯಿಂದ!"

ಮೀಸೆ ಮೂಡಿದಾಗಿನಿಂದ ರಬ್ಬರ್ ವಾಷರ್ ಕತ್ತರಿಸಿಕೊಂಡೇ ಹೊಟ್ಟೆ ಹೊರೆದವನು ಚಾಕುವನ್ನು ಸರಿಯಾದ ಮೂಲೆಗೆ ಆನಿಸಿ ತಲೆಯೆತ್ತಿದ.

"ಯಾವ ಮೂಲೆ ಅತ್ತೆ?"